ಐದು ಗಂಟೆಯ ಲಾರಿ

ಕಳಸದ ಬಸ್‌ಸ್ಟ್ಯಾಂಡಿನಿಂದ ಕೆಳಗಿಳಿಯುವ ರಸ್ತೆಯಲ್ಲಿ ನನ್ನ ಗ್ಯಾರೇಜಿದೆ. ಅದರ ಮೇಲೊಂದು ಕೋಣೆ. ಹಳೆಯ ಟೈರು, ಸೈಲೆನ್ಸರು, ಯಾರೂ ವಾಪಸ್ ಕೇಳದ ಬೈಕಿನ ಸೀಟುಗಳು ಅಲ್ಲಿ ತುಂಬಿಕೊಂಡಿದ್ದವು. ಮೂರು ವರ್ಷದ ಹಿಂದೆ ಕುಸುಮಾ ಆ ಕೋಣೆಯನ್ನು ನೋಡಿ, "ಇಷ್ಟು ರಬ್ಬರಿದ್ರೆ ಸೌಂಡ್ ಎಕೋ ಆಗಲ್ಲ ಫಾರಿಸ್, ಇಲ್ಲೇ ಮಾಡಣ" ಅಂದಳು. ನಮ್ಮ ಸಿನಿಮಾ ಪಾಡ್‌ಕಾಸ್ಟ್ ಶುರುವಾಗಿದ್ದು ಹಾಗೆ.

ನಾವು ಮೂವರು. ಕುಸುಮಾ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಉಮೇಶ್ ಸಂಸೆ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರು. ರೈಟರು ಅಂದರೆ ಕತೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಮೂವರೂ ಇಲ್ಲಿನ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಆಸುಪಾಸಿನಲ್ಲಿ ಕೂತವರು. ಹೊಸ ಸಿನಿಮಾ ಬಂದರೆ ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ನನ್ನ ಜೀಪು ಹತ್ತಿ, ಕೊಟ್ಟಿಗೆಹಾರ, ಮೂಡಿಗೆರೆ ದಾಟಿ ಚಿಕ್ಕಮಗಳೂರಿಗೆ ಹೋಗಬೇಕು. ಮೂರು ಗಂಟೆ ದಾರಿ. ಮೊದಲ ಆಟ ನೋಡಿ, ಊಟ ಮಾಡಿ, ಸಂಜೆಗೆ ವಾಪಸ್. ದಾರಿಯುದ್ದಕ್ಕೂ ಜಗಳ. "ಎಲ್ಲ ಇಲ್ಲೇ ಖಾಲಿ ಮಾಡ್ಬೇಡಿ, ಮಂಗಳವಾರಕ್ಕೆ ಸ್ವಲ್ಪ ಇಟ್ಕೊಳ್ಳಿ" ಎಂದು ಕುಸುಮಾ ಹಿಂದಿನ ಸೀಟಿನಿಂದ ಗದರುತ್ತಾಳೆ. ಮಂಗಳವಾರ ಅವಳ ಅಂಗಡಿಗೆ ರಜೆ. ಅವತ್ತು ಮಧ್ಯಾಹ್ನ ನಾವು ಮಾತಾಡಿ ರೆಕಾರ್ಡ್ ಮಾಡುವುದು.

ಕೇಳುವವರು ಇನ್ನೂರು ಮುನ್ನೂರು ಜನ ಇರಬಹುದು. ನಮಗೊಂದು ನಿಯಮವಿತ್ತು. ಸಿನಿಮಾವನ್ನು ಎಷ್ಟು ಬೇಕಾದರೂ ಬೈಯಬಹುದು, ಹೊಗಳಬಹುದು, ಕೊನೆಯನ್ನು ಮಾತ್ರ ಹೇಳುವಂತಿಲ್ಲ.

ಹೋದ ಫೆಬ್ರವರಿಯಲ್ಲಿ ಬಂದ ಒಂದು ಸಿನಿಮಾದಲ್ಲಿ ನಮ್ಮ ಗುಡ್ಡಗಳನ್ನೇ ತೋರಿಸಿದ್ದರು. ಉಮೇಶನಿಗೆ ಅದು ಹಿಡಿಸಲಿಲ್ಲ.

"ನಾಲ್ಕು ಸಲ ಡ್ರೋನ್ ಹಾರಿಸಿದ್ರೆ ಎಸ್ಟೇಟ್ ಕತೆ ಆಗಲ್ಲ ಮಾರಾಯ" ಎಂದು ಮೈಕಿನ ಮುಂದೆ ಶುರು ಮಾಡಿದ. "ಆ ಹಣ್ಣು ಕುಯ್ಯೋ ಸೀನಲ್ಲಿ ಹೆಂಗಸ್ರ ಕೈ ನೋಡಿದ್ಯಾ? ಉಗುರಿಗೆಲ್ಲ ಬಣ್ಣ. ಒಬ್ಬಳ ಕೈಗೂ ಒಂದು ಗೀರಿಲ್ಲ. ಇರುವೆ ಕಚ್ಚಿದ ಗುರುತಿಲ್ಲ."

"ಅದು ಸರಿ, ಆದ್ರೆ ಕೊನೇ ಇಪ್ಪತ್ತು ನಿಮಿಷ ನನಗೆ ಕಣ್ಣಲ್ಲಿ ನೀರು ಬಂತು" ಎಂದಳು ಕುಸುಮಾ.

"ಏನಾಯ್ತು ಅಂತ ಹೇಳ್ಬೇಡ ಮತ್ತೆ" ಎಂದೆ ನಾನು.

"ಹೇಳಲ್ಲ. ಕೇಳ್ತಿರೋರಿಗೆ ಒಂದೇ ಮಾತು. ಮಧ್ಯದಲ್ಲಿ ಎದ್ದು ಬರಬೇಡಿ. ಕೊನೇವರೆಗೂ ಕೂತು ನೋಡಿ."

ಅದಾದ ನಾಲ್ಕನೇ ದಿನ ನಮ್ಮ ನಂಬರಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಕಳಿಸಿದವರ ಹೆಸರು ಮೋನಿಕಾ ಎಂದಿತ್ತು. ಆದರೆ ದನಿ ವಯಸ್ಸಾದ ಹೆಂಗಸಿನದು. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು.

"ನಮಸ್ಕಾರ ಕಣಪ್ಪ. ನಾನು ಹುಚ್ಚಮ್ಮ ಅಂತ. ಸಂಸೆ ಹತ್ರ ಲೈನ್ ಮನೇಲಿರೋದು. ನಮ್ಮ ಮೊಮ್ಮಗಳು ಪಾತ್ರೆ ತೊಳೀವಾಗ ನಿಮ್ಮ ಮಾತು ಹಾಕ್ಕೊಂಡಿರ್ತಾಳೆ, ನಾನೂ ಕೇಳ್ತೀನಿ. ಆ ಹುಡುಗಿ ಹೇಳಿದ್ಲಲ್ಲ, ಕೊನೇವರೆಗೂ ಕೂತು ನೋಡಿ ಅಂತ. ನಾವು ಆಗ ಕಳಸದ ಟಾಕೀಸಿಗೆ ಬರ್ತಿದ್ವು. ಭಾನುವಾರ ದಿನಸಿ ತರೋಕೆ ಎಸ್ಟೇಟಿಂದ ಲಾರಿ ಬಿಡೋರು. ದಿನಸಿ ಕಟ್ಟಿಸಿ ಲಾರಿಗೆ ಹಾಕಿ, ಎರಡೂವರೆ ಆಟಕ್ಕೆ ಹೋಗಿ ಕೂರೋದು. ಐದು ಗಂಟೆಗೆ ಡ್ರೈವರ್ ಹಾರ್ನ್ ಹೊಡೀತಿದ್ದ. ಆರರೊಳಗೆ ಲಾರಿ ಶೆಡ್ಡಲ್ಲಿ ಇರಬೇಕು ಅಂತ ಸಾಹುಕಾರ್ರ ಆರ್ಡರು. ಸಿನಿಮಾ ಮುಗಿಯೋಕೆ ಇನ್ನೂ ಕಾಲು ಗಂಟೆ ಇರೋದು, ನಾವು ಎದ್ದು ಓಡ್ಬೇಕು. ಮೂವತ್ತು ನಲವತ್ತು ಸಿನಿಮಾ ನೋಡಿದೀನಿ ಕಣಪ್ಪ, ಅಲ್ಲಿ ಒಂದರದ್ದೂ ಕೊನೆ ನೋಡಿಲ್ಲ. ಟಿವಿ ಬಂದ್ಮೇಲೆ ಕೆಲವು ಸಿಕ್ಕಿದ್ವು. ಬರದೇ ಇದ್ದಿದ್ರಲ್ಲಿ ಒಂದು ಮಾತ್ರ ಮನಸ್ಸಿಂದ ಹೋಗಿಲ್ಲ. ಹೆಸರು ನೆನಪಿಲ್ಲ. ಗಂಡ ಬಿಟ್ಟು ಹೋಗಿರ್ತಾನೆ, ಆ ಹೆಂಗಸು ದೋಣಿ ನಡೆಸಿ ಮಗನ್ನ ಸಾಕ್ತಾಳೆ. ಒಂಬತ್ತು ವರ್ಷ ಆದ್ಮೇಲೆ ಅವ್ನು ಬಂದು ಆಚೆ ದಡದಲ್ಲಿ ನಿಂತು ದೋಣಿ ಕರೀತಾನೆ. ಟೋಪಿ ಹಾಕಿರ್ತಾನೆ, ಅವಳಿಗೆ ಗುರ್ತು ಸಿಗಲ್ಲ, ದೋಣಿ ತಿರುಗಿಸ್ತಾಳೆ. ಆಗ ಹಾರ್ನ್ ಹೊಡೆದ. ಆಮೇಲೆ ಏನಾಯ್ತು ಅಂತ ನಿಮಗೆ ಗೊತ್ತಿದ್ರೆ ಹೇಳಿ. ನನಗೆ ತಿಳ್ಕೊಳ್ಳಲೇಬೇಕು."

ಕುಸುಮಾ ಅದನ್ನು ಅಂಗಡಿಯಲ್ಲಿ ನಿಂತೇ ಎರಡು ಸಲ ಕೇಳಿ ನನಗೆ ಫೋನ್ ಮಾಡಿದಳು. "ನಾನೆಷ್ಟು ಸುಲಭಕ್ಕೆ ಹೇಳ್ಬಿಟ್ಟೆ ನೋಡು, ಕೊನೇವರೆಗೂ ಕೂತು ನೋಡಿ ಅಂತ" ಎಂದಳು.

ಉಮೇಶ್ ನೆಟ್ಟಿನಲ್ಲಿ ಎರಡು ದಿನ ಹುಡುಕಿದ. ದೋಣಿ, ಗಂಡ, ಟೋಪಿ ಎಂದು ಏನೇನು ಬರೆದರೂ ಆ ಸಿನಿಮಾ ಸಿಗಲಿಲ್ಲ. ಕಡೆಗೆ, "ನಿಮ್ಮಪ್ಪನ್ನ ಕೇಳೋ" ಎಂದ.

ನಾನು ಕೇಳದೆ ಉಳಿದದ್ದಕ್ಕೆ ಕಾರಣವಿತ್ತು. ನನ್ನ ಅಬ್ಬ ಅಬ್ದುಲ್ ಮಜೀದ್ ಕಳಸದ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಹತ್ತೊಂಬತ್ತನೇ ವಯಸ್ಸಿಗೆ ಮಿಷನ್ ರೂಮು ಹತ್ತಿದವರು, ಟಾಕೀಸು ಮುಚ್ಚುವವರೆಗೂ ಅಲ್ಲೇ ಇದ್ದರು. ಮುಚ್ಚಿದಾಗ ನನಗೆ ಹನ್ನೆರಡು ವರ್ಷ. ಅವತ್ತು ಮನೆಗೆ ಬಂದು ಕೈಕಾಲು ತೊಳೆದು ನಮಾಜು ಮಾಡಿ ಊಟಕ್ಕೆ ಕೂತರು. ಮುಂದಿನ ವಾರ ಪಂಕ್ಚರ್ ಅಂಗಡಿ ಇಟ್ಟರು. ಅದೇ ಬೆಳೆದು ಈ ಗ್ಯಾರೇಜಾಯಿತು. ಟಾಕೀಸಿನ ಕಟ್ಟಡವನ್ನು ಯಾರೋ ತೆಗೆದುಕೊಂಡು ಕಾಫಿ ಗೋಡೌನ್ ಮಾಡಿದರು. ಅದರ ಮುಂದೆ ಹೋಗುವಾಗ ಅಬ್ಬ ತಲೆಯೆತ್ತಿ ನೋಡಿದ್ದನ್ನು ನಾನು ಕಂಡಿಲ್ಲ. ನಾವು ಪಾಡ್‌ಕಾಸ್ಟ್ ಶುರು ಮಾಡಿದಾಗ ಒಂದು ಸಲ ಬಂದು ಮಾತಾಡಿ ಎಂದು ಕರೆದಿದ್ದೆ. "ಸಿನಿಮಾ ಇರೋದು ನೋಡೋಕೆ, ಮಾತಾಡೋಕಲ್ಲ" ಎಂದು ಸ್ಪ್ಯಾನರ್ ಕೈಗೆತ್ತಿಕೊಂಡಿದ್ದರು. ಆಮೇಲೆ ನಾನು ಕರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಗ್ಯಾರೇಜಿನ ಮುಂದಿನ ಕಲ್ಲಿನ ಮೇಲೆ ಕೂತು ಹಳೆಯ ಕಾರ್ಬೊರೇಟರ್ ಒರೆಸುತ್ತಿದ್ದಾಗ ಮೊಬೈಲನ್ನು ಅವರ ಸರಿಯಾಗಿ ಕೇಳಿಸುವ ಕಿವಿಯ ಹತ್ತಿರ ಹಿಡಿದೆ. ಕೇಳಿದರು. ಇನ್ನೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದರು. ಮೂರನೇ ಸಲ ಕೇಳುವಾಗ ಬಟ್ಟೆಯನ್ನು ಪಕ್ಕಕ್ಕಿಟ್ಟಿದ್ದರು.

"ಹಸಿರು ಲಾರಿ" ಎಂದರು. "ಹಾರ್ನ್ ಹೊಡೆದ್ರೆ ಕೋಣ ಕೆಮ್ಮಿದ ಹಾಗೆ ಇರ್ತಿತ್ತು. ನಮ್ಮ ರೂಮಿಗೂ ಕೇಳೋದು."

"ನಿಮಗೆ ಗೊತ್ತಾ ಅವರು?"

"ಹೆಸರು ಗೊತ್ತಿಲ್ಲ. ನೆಲದ ಕ್ಲಾಸಲ್ಲಿ ಎಡಗಡೆ ಹೆಂಗಸ್ರು ಕೂರೋರು, ಮೂವತ್ತು ಜನ. ಕೊನೇ ರೀಲು ಹಾಕೋ ಹೊತ್ತಿಗೆ ಎಲ್ಲ ಒಟ್ಟಿಗೇ ಏಳೋರು. ಬಾಗಿಲು ತೆಗೆದ ಕೂಡ್ಲೇ ಹೊರಗಿನ ಬೆಳಕು ಬಂದು ಪರದೆ ಬೆಳ್ಳಗಾಗೋದು. ಏನ್ ಜನ ಇವರು, ಸಿನಿಮಾಕ್ಕೆ ಮರ್ಯಾದೆ ಇಲ್ಲ ಅಂತ ನಾನು ಬೈಕೊಳ್ತಿದ್ದೆ." ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡರು. "ಎರಡೂವರೆ ಆಟಾನ ಎರಡೂಕಾಲಿಗೆ ಶುರು ಮಾಡಿದ್ರೆ ಆಗ್ತಿತ್ತು. ಅಷ್ಟೇ. ನಾನು ಮಾಲೀಕರಿಗೆ ಒಂದು ಮಾತು ಹೇಳಿದ್ರೆ ಮಾಡ್ತಿದ್ರು. ನನಗೆ ಹೊಳೀಲೇ ಇಲ್ಲ."

ಆ ಸಿನಿಮಾ ಅವರಿಗೆ ಚೆನ್ನಾಗಿ ನೆನಪಿತ್ತು. ನಾಲ್ಕು ವಾರ ಓಡಿತ್ತಂತೆ. ದೋಣಿ ನಡುಹೊಳೆಗೆ ಬಂದಾಗ ಬಿರುಗಾಳಿ ಏಳುತ್ತದೆ. ಗಂಡ ನೀರಿಗೆ ಬೀಳುತ್ತಾನೆ, ಟೋಪಿ ತೇಲಿಹೋಗುತ್ತದೆ. ಆಗ ಅವಳಿಗೆ ಗುರುತು ಸಿಗುತ್ತದೆ. ಹಾರಿ ಎಳೆದು ದಡ ಸೇರಿಸಿ, ಅವನ ಕಾಲಿಗೆ ತಲೆಯಿಟ್ಟು ಅಳುತ್ತಾಳೆ. ಮಗ ಬಂದು ಇಬ್ಬರ ಕೈ ಜೋಡಿಸುತ್ತಾನೆ. "ಟಾಕೀಸಿಗೆ ಟಾಕೀಸೇ ಅಳ್ತಿತ್ತು. ಗಂಡಸ್ರೂ ಅಳೋರು" ಎಂದರು ಅಬ್ಬ.

ಇಷ್ಟನ್ನು ಫೋನಿನಲ್ಲಿ ಹೇಳಿಬಿಡಬಹುದಿತ್ತು. ಹೋಗಿ ಹೇಳೋಣ ಎಂದವಳು ಕುಸುಮಾ. ರೆಕಾರ್ಡ್ ಮಾಡೋಣ ಎಂದವನು ಉಮೇಶ್. ಭಾನುವಾರ ಬೆಳಿಗ್ಗೆ ಜೀಪು ಹೊರಗೆ ತೆಗೆದಾಗ ಅಬ್ಬ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು.

"ನೀವೂ ಬರ್ತೀರಾ?"

"ಮೂವತ್ತು ಜನಾನ ಬೈಕೊಂಡಿದೀನಿ. ಒಬ್ಬರಿಗಾದ್ರೂ ನಾನೇ ಹೇಳ್ತೀನಿ."

ಎರಡು ದಿನದ ಹಿಂದೆ ಹೂಮಳೆ ಬಿದ್ದಿತ್ತು. ಸಂಸೆ ರಸ್ತೆಯ ಎರಡೂ ಕಡೆ ಕಾಫಿ ಹೂ ಬಿರಿದು ಗಿಡದ ಎಲೆಯೇ ಕಾಣುತ್ತಿರಲಿಲ್ಲ. ಉಮೇಶ್ ದಾರಿ ಹೇಳಿದ. ಹುಚ್ಚಮ್ಮನ ಲೈನು ಅವನ ಎಸ್ಟೇಟಿನ ಪಕ್ಕದ ಎಸ್ಟೇಟಿನದು. ಒಂದೇ ಸೂರಿನ ಕೆಳಗೆ ಎಂಟು ಮನೆ, ಮುಂದೆ ಅಂಗಳದಲ್ಲಿ ಟಾರ್ಪಾಲಿನ ಮೇಲೆ ಕಾಳುಮೆಣಸು ಒಣಗಲು ಹಾಕಿದ್ದರು. ಮೂಡಿಗೆರೆಯ ಕಾಲೇಜಿನಿಂದ ರಜೆಗೆ ಬಂದಿದ್ದ ಮೋನಿಕಾ ಓಡಿಬಂದು ಕುಸುಮಾಳ ಕೈ ಹಿಡಿದುಕೊಂಡಳು. ನಮ್ಮ ಮೂವರ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ದನಿಯಿಂದ ಉಮೇಶ್ ಎತ್ತರ ಇರಬಹುದು ಎಂದುಕೊಂಡಿದ್ದಳಂತೆ.

ಹುಚ್ಚಮ್ಮ ಕುಳ್ಳಗೆ, ಗಟ್ಟಿ ದನಿಯ ಹೆಂಗಸು. ಎಪ್ಪತ್ತರ ಹತ್ತಿರ ಇರಬಹುದು. ನಮ್ಮನ್ನು ಜಗಲಿಯ ಮೇಲೆ ಕೂರಿಸಿ, ಮೆಣಸು ಹೆಕ್ಕುತ್ತಿದ್ದ ಇನ್ನೊಬ್ಬ ಹೆಂಗಸನ್ನು ತೋರಿಸಿ, "ಇವಳು ಬಸಮ್ಮ. ಪಕ್ಕದ ಮನೆ. ನಾವಿಬ್ರೂ ಒಂದೇ ವರ್ಷ ಕೆಲಸಕ್ಕೆ ಸೇರಿದ್ದು" ಎಂದರು. ಬಸಮ್ಮ ಉದ್ದಕ್ಕೆ, ತೆಳ್ಳಗೆ. ತಲೆಯಾಡಿಸಿದರು, ಕೈ ನಿಲ್ಲಿಸಲಿಲ್ಲ.

"ಇವರು ಟಾಕೀಸಲ್ಲಿ ಮಿಷನ್ ಓಡಿಸ್ತಿದ್ದೋರು, ನಮ್ಮ ಅಬ್ಬ" ಎಂದೆ.

ಹುಚ್ಚಮ್ಮ ಎದ್ದು ನಿಂತುಬಿಟ್ಟರು. "ಅಯ್ಯೋ, ಸಿನಿಮಾ ಬಿಡೋ ಸಾಬ್ರು. ನಿಮ್ಮ ಮುಖ ನೋಡಿರ್ಲಿಲ್ಲ, ತಲೆ ಮೇಲೆ ಬೆಳಕು ಹೋಗೋದು ಮಾತ್ರ ನೋಡಿದ್ವು."

ಕುಸುಮಾ ಮೈಕು ಹಚ್ಚಿದಳು. ಮೊದಲು ಹುಚ್ಚಮ್ಮನೇ ಮಾತಾಡಲಿ ಎಂದು ಆ ಲಾರಿಯ ದಿನಗಳ ಬಗ್ಗೆ ಕೇಳಿದಳು. ಆಗ ನಮಗೆ ಗೊತ್ತಾಗಿದ್ದು ಇನ್ನೊಂದು ವಿಷಯ. ಲಾರಿಯಲ್ಲಿ ಮೂವತ್ತು ಜನಕ್ಕೆ ಜಾಗ. ಎಸ್ಟೇಟಿನ ಲೈನುಗಳಲ್ಲೆಲ್ಲ ಸೇರಿ ನೂರು ಜನ. ಹೋಗದೆ ಉಳಿದವರಿಗೆ ಸೋಮವಾರ ತೋಟದಲ್ಲಿ ಸಿನಿಮಾ ಕತೆ ಹೇಳುವ ಕೆಲಸ ಹುಚ್ಚಮ್ಮನದು. ಹಣ್ಣು ಕುಯ್ಯುವ ಸಾಲಿನಲ್ಲಿ ಅವರನ್ನು ಮಧ್ಯಕ್ಕೆ ನಿಲ್ಲಿಸುತ್ತಿದ್ದರಂತೆ, ಎರಡೂ ಕಡೆಗೆ ಕೇಳಲಿ ಎಂದು. ಮೇಸ್ತ್ರಿಯೂ ಹತ್ತಿರ ಬಂದು ಸುಮ್ಮನೆ ಗಿಡ ನೋಡುತ್ತ ನಿಲ್ಲುತ್ತಿದ್ದನಂತೆ.

"ಕೊನೆ ನೋಡಿಲ್ಲ ಅಂದ್ರಿ, ಹೇಗೆ ಹೇಳ್ತಿದ್ರಿ?" ಎಂದು ಉಮೇಶ್ ಕೇಳಿದ.

"ಕಟ್ಟಿ ಹೇಳ್ತಿದ್ದೆ. ಅರ್ಧಕ್ಕೆ ಬಿಟ್ರೆ ಬಿಡ್ತಾರಾ? ಭಾನುವಾರ ಲಾರೀಲಿ ಬರ್ತಾ ಬರ್ತಾ ಯೋಚನೆ ಮಾಡ್ಕೊಳ್ತಿದ್ದೆ. ಜೊತೆಗೆ ಸಿನಿಮಾ ನೋಡಿದೋರೂ ನನ್ನ ಬಾಯಿಂದ ಕೊನೆ ಕೇಳೋರು. ಇವಳಿಗೆ ಹೆಂಗೋ ಗೊತ್ತು ಅಂತ ನಂಬ್ಕೊಂಡಿದ್ರು."

ಬಸಮ್ಮ ಮೊರ ಕೆಳಗಿಟ್ಟು, "ಕಾಫಿ ಕಾಸ್ಕೊಂಡು ಬರ್ತೀನಿ, ನಮ್ಮನೇಲಿ ಹಾಲಿದೆ" ಎಂದು ಎದ್ದು ಹೋದರು. ಮೋನಿಕಾ ಅವರ ಹಿಂದೆ ಹೋದಳು. ಹುಚ್ಚಮ್ಮ ಅವರಿಬ್ಬರೂ ಬಾಗಿಲ ಒಳಗೆ ಹೋಗುವುದನ್ನೇ ನೋಡುತ್ತಿದ್ದು, ಆಮೇಲೆ ನಮ್ಮ ಕಡೆ ಜರುಗಿ ದನಿ ತಗ್ಗಿಸಿದರು.

"ಆ ದೋಣಿ ಸಿನಿಮಾಕ್ಕೆ ನಾನೊಂದು ಕೊನೆ ಕಟ್ಟಿದ್ದೆ. ಅವಳು ಆಚೆ ದಡಕ್ಕೆ ಹೋಗಿ ಅವನ್ನ ಹತ್ತಿಸ್ಕೊಳ್ತಾಳೆ. ನಡುಹೊಳೇಲಿ ಗಾಳಿಗೆ ಟೋಪಿ ಹಾರುತ್ತೆ, ಗುರ್ತು ಸಿಗುತ್ತೆ. ಒಂದು ಮಾತೂ ಆಡಲ್ಲ. ದೋಣಿ ತಿರುಗಿಸಿ, ಅವನು ಹತ್ತಿದ ದಡದಲ್ಲೇ ಇಳಿಸಿ, ಒಬ್ಬಳೇ ವಾಪಸ್ ಬರ್ತಾಳೆ. ಹಿಂಗೆ ಹೇಳ್ದೆ. ಸಾಲಲ್ಲಿ ಎಲ್ರೂ ಕುಯ್ಯೋದು ನಿಲ್ಲಿಸಿಬಿಟ್ರು. ಬಸಮ್ಮನೂ ಇದ್ಲು. ಅವಳ ಗಂಡ ಆಗ ಬಿಟ್ಟು ಹೋಗಿ ಆರು ವರ್ಷ ಆಗಿತ್ತು. ಘಟ್ಟದ ಕೆಳಗೆ ಬೇರೆಯವಳ ಜೊತೆ ಇದ್ದ. ಮಗಳು ಚಿಕ್ಕೋಳು."

ಕುಸುಮಾ ಕೈ ಚಾಚಿ ಮೈಕನ್ನು ಆರಿಸಿದ್ದನ್ನು ನಾನು ನೋಡಿದೆ. ಉಮೇಶ್ ತಾನೂ ರೆಕಾರ್ಡ್ ಮಾಡಲು ಹಿಡಿದಿದ್ದ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ಒಂದು ತಿಂಗಳಾಗಿರ್ಬೇಕು, ಅವನು ಬಂದ. ಇದೇ ಅಂಗಳದಲ್ಲಿ ನಿಂತಿದ್ದ, ಚೀಲ ಹಿಡ್ಕೊಂಡು. ತಪ್ಪಾಯ್ತು ಅಂದ. ಎಲ್ರೂ ಇಲ್ಲೇ ಇದ್ವು. ಬಸಮ್ಮ ಬಾಗಿಲಲ್ಲಿ ನಿಂತು, ಬಂದ ದಾರೀಲೇ ಹೋಗಿ ಅಂದ್ಲು. ಅಷ್ಟೇ ಅಂದಿದ್ದು. ಅವನು ಹೋದ. ಎರಡು ವರ್ಷ ಆದ್ಮೇಲೆ ಯಾವುದೋ ಬಸ್‌ಸ್ಟ್ಯಾಂಡಲ್ಲಿ ಸತ್ತು ಬಿದ್ದಿದ್ದ ಅಂತ ಸುದ್ದಿ ಬಂತು. ಅವನ ಅಣ್ಣ ಬಂದು ನನ್ನ ಮುಖಕ್ಕೇ ಹೇಳಿದ, ನಿನ್ನ ಸಿನಿಮಾ ಕತೆ ಕೇಳಿ ಇವಳು ಸಂಸಾರ ಹಾಳು ಮಾಡ್ಕೊಂಡ್ಲು ಅಂತ. ಅವಳು ಒಬ್ಬಳೇ ಕಷ್ಟ ಪಡೋದು ನೋಡಿದಾಗೆಲ್ಲ ನನಗೆ ಅದೇ. ನಿಜವಾದ ಸಿನಿಮಾದಲ್ಲೂ ಅವಳು ದೋಣಿ ತಿರುಗಿಸಿದ್ರೆ ನನ್ನ ತಪ್ಪಿಲ್ಲ. ಇಲ್ಲ ಅಂದ್ರೆ ನಾನು ಸುಳ್ಳು ಹೇಳಿದ ಹಾಗಾಯ್ತಲ್ಲ. ನಲವತ್ತು ವರ್ಷ ಆಯ್ತು. ಸಾಯೋದ್ರೊಳಗೆ ತಿಳ್ಕೋಬೇಕು ಅಂತ ಕೇಳಿದ್ದು."

ಅಬ್ಬ ನೆಲ ನೋಡುತ್ತಿದ್ದರು. ಕುಸುಮಾ ನನ್ನ ಕಡೆ ನೋಡಿದಳು. ನಾನು ಅಬ್ಬನ ಕಡೆ ನೋಡಿದೆ. ಕಾಲು ಹಿಡಿದು ಅಳುವ ಆ ಕೊನೆ ನಮ್ಮ ನಾಲ್ವರಿಗೂ ಗೊತ್ತಿತ್ತು. ಜೀಪಿನಲ್ಲಿ ಬರುವಾಗ ಅದನ್ನು ಹೇಳಿಕೊಂಡು ನಕ್ಕಿದ್ದೆವು ಕೂಡ.

ಬಸಮ್ಮ ತಟ್ಟೆಯಲ್ಲಿ ಕಾಫಿ ಲೋಟಗಳನ್ನು ಇಟ್ಟುಕೊಂಡು ಬಂದರು. ಎಲ್ಲರಿಗೂ ಕೊಟ್ಟು ಮತ್ತೆ ಮೊರದ ಮುಂದೆ ಕೂತರು. ಹುಚ್ಚಮ್ಮ ಅಬ್ಬನನ್ನೇ ನೋಡುತ್ತಿದ್ದರು.

"ಹೇಳಿ ಸಾಬ್ರೇ."

ಅಬ್ಬ ಕಾಫಿ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. "ನೆನಪು ಬರ್ತಾ ಇಲ್ಲ ಅಮ್ಮ" ಎಂದರು. "ಬೆಳಿಗ್ಗೆ ಬರ್ತಿತ್ತು. ವಯಸ್ಸಾಯ್ತು ನೋಡಿ. ಮರ್ತೇ ಹೋಯ್ತು."

ನನ್ನ ಅಬ್ಬ ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವರಿಗೆ ಅದು ಸರಿಯಾಗಿ ಬರುತ್ತಲೂ ಇರಲಿಲ್ಲ, ಕಿವಿಯವರೆಗೆ ಕೆಂಪಾಗಿದ್ದರು.

"ಅಷ್ಟು ದೂರದಿಂದ ಬಂದು ಮರ್ತೋಯ್ತು ಅಂತೀರಲ್ಲ" ಎಂದರು ಹುಚ್ಚಮ್ಮ. ಅವರ ಗಟ್ಟಿ ದನಿ ಸಣ್ಣಗಾಗಿತ್ತು.

"ಅವ್ರಿಗೆ ಮರ್ತಿಲ್ಲ" ಎಂದರು ಬಸಮ್ಮ.

ನಾವೆಲ್ಲ ಅತ್ತ ತಿರುಗಿದೆವು. ಬಸಮ್ಮ ಮೆಣಸಿನ ಗೊಂಚಲಿನಿಂದ ಕಾಳು ಉದುರಿಸುತ್ತಲೇ ಹೇಳಿದರು. "ನಿನಗೆ ಬೇಜಾರಾಗುತ್ತೆ ಅಂತ ಹೇಳ್ತಿಲ್ಲ. ಗಾಳಿ ಬರುತ್ತೆ, ಅವನು ನೀರಿಗೆ ಬೀಳ್ತಾನೆ, ಇವಳು ಎಳೆದು ತಂದು ಅವನ ಕಾಲಿಗೆ ಬಿದ್ದು ಗೋಳೋ ಅಂತಾಳೆ. ಆ ಹುಡುಗ ಬಂದು ಕೈ ಜೋಡಿಸ್ತಾನೆ. ಹೌದಲ್ವಾ ಸಾಬ್ರೇ?"

ಅಬ್ಬ ನಿಧಾನವಾಗಿ ತಲೆಯಾಡಿಸಿದರು.

"ನಿನಗೆ ಹೆಂಗೆ ಗೊತ್ತು?" ಎಂದು ಹುಚ್ಚಮ್ಮ ಕೇಳಿದರು.

"ನೋಡಿದೆ. ನೀನು ಸೋಮವಾರ ಕತೆ ಹೇಳಿದ್ಯಲ್ಲ, ಆ ಬುಧವಾರ ಜ್ವರ ಅಂತ ರೈಟರಿಗೆ ಹೇಳಿ, ಮಗೂನ ಅತ್ತೆ ಹತ್ರ ಬಿಟ್ಟು ಕಳಸಕ್ಕೆ ನಡ್ಕೊಂಡು ಹೋದೆ. ಆ ಹೆಂಗಸು ದೋಣಿ ತಿರುಗಿಸೋದನ್ನ ಕಣ್ಣಾರೆ ನೋಡ್ಬೇಕು ಅನ್ನಿಸಿತ್ತು. ಕೊನೇವರೆಗೂ ಕೂತಿದ್ದೆ. ಸುತ್ತ ಎಲ್ರೂ ಅಳ್ತಿದ್ರು. ನನಗೆ ಎಷ್ಟು ಸಿಟ್ಟು ಬಂತು ಅಂದ್ರೆ, ಸಂಸೆವರೆಗೂ ನಡೆದಿದ್ದೇ ಗೊತ್ತಾಗ್ಲಿಲ್ಲ."

"ಮತ್ತೆ ನನಗೆ ಹೇಳ್ಲೇ ಇಲ್ಲ. ನಲವತ್ತು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲೇ."

"ಹೇಳಿದ್ರೆ ನೀನು ಮಾರನೇ ಸೋಮವಾರದಿಂದ ಬಾಯಿ ಮುಚ್ಕೊಳ್ತಿದ್ದೆ. ನನಗೆ ಗೊತ್ತಿಲ್ವಾ ನಿನ್ನ." ಬಸಮ್ಮ ಮೊರವನ್ನು ಪಕ್ಕಕ್ಕಿಟ್ಟರು. "ನೀನು ಇವರ ಹತ್ರ ಗುಸುಗುಸು ಅಂದಿದ್ದು ಅಡುಗೆಮನೆಗೆ ಕೇಳಿಸ್ತು. ನಿನ್ನ ಗುಸುಗುಸು ಹೊರನಾಡಿನವರೆಗೆ ಕೇಳುತ್ತೆ. ಅವನು ಬಂದು ನಿಂತಾಗ ನನಗೆ ಎರಡು ಕೊನೇನೂ ಗೊತ್ತಿತ್ತು, ಟಾಕೀಸಿಂದು ಒಂದು, ನಿಂದು ಒಂದು. ನಿನ್ನ ಮಾತು ಕೇಳಿ ಕೆಟ್ಟೋಳಲ್ಲ ನಾನು. ನೋಡಿ, ಯೋಚನೆ ಮಾಡಿ, ಆರಿಸಿಕೊಂಡಿದ್ದು. ಅವನು ಸತ್ತಿದ್ದು ಅವನ ಕುಡಿತಕ್ಕೆ. ಅದನ್ನ ಯಾಕೆ ನೀನು ಹೊತ್ಕೊಂಡು ತಿರುಗ್ತಿದ್ದೆ? ಒಂದು ಸಲ ಕೇಳಿದ್ರೆ ನಾನು ಹೇಳ್ತಿರ್ಲಿಲ್ವಾ?"

"ಹೆಂಗೆ ಕೇಳ್ಲಿ" ಎಂದರು ಹುಚ್ಚಮ್ಮ. ಸೆರಗಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದರು. ಬಸಮ್ಮ ಹತ್ತಿರ ಬರಲಿಲ್ಲ, ಸಮಾಧಾನ ಹೇಳಲಿಲ್ಲ. ಹುಚ್ಚಮ್ಮನ ಕಾಫಿ ಆರುತ್ತಿತ್ತು, ಅದನ್ನು ಎತ್ತಿ ಅವರ ಕೈಗೆ ಕೊಟ್ಟರು.

ಅಬ್ಬ ಲೋಟ ಕೆಳಗಿಟ್ಟರು. "ನಾನು ಸುಳ್ಳು ಹೇಳ್ದೆ ಅಮ್ಮ, ತಪ್ಪು ತಿಳ್ಕೋಬೇಡಿ" ಎಂದರು. ಆಮೇಲೆ ಎರಡೂಕಾಲಿನ ವಿಷಯವನ್ನೂ ಹೇಳಿದರು. ಹದಿನೈದು ನಿಮಿಷ ಮೊದಲು ಶುರು ಮಾಡಬಹುದಿತ್ತು, ತನಗೆ ಹೊಳೆಯಲಿಲ್ಲ ಎಂದರು.

"ಹೋಗ್ಲಿ ಬಿಡಿ ಸಾಬ್ರೇ. ನಾವೂ ಯಾರನ್ನೂ ಕೇಳ್ಲಿಲ್ಲ" ಎಂದರು ಹುಚ್ಚಮ್ಮ. ಕಾಫಿ ಕುಡಿದು ಲೋಟ ಕೆಳಗಿಟ್ಟಾಗ ಅವರ ದನಿ ಮೊದಲಿನಷ್ಟೇ ಗಟ್ಟಿಯಾಗಿತ್ತು. "ಅದಿರ್ಲಿ. ಒಬ್ಬ ಮೇಷ್ಟ್ರ ಸಿನಿಮಾ ಇತ್ತಲ್ಲ. ಶಾಲೆ ಬಾವಿಗೆ ಯಾರೋ ಪೆಟ್ಟಿಗೆ ಹಾಕಿರ್ತಾರೆ. ಪೆಟ್ಟಿಗೇಲಿ ಏನಿತ್ತು?"

ಅಬ್ಬ ಮುಂದೆ ಬಾಗಿದರು. "ನೀವೇನಂತ ಹೇಳಿದ್ರಿ?"

"ಮೊದಲು ನೀವು ಹೇಳಿ."

"ಇಲ್ಲ, ನಿಮ್ಮದು ಮೊದಲು."

ಕುಸುಮಾ, "ಮೈಕ್ ಹಾಕ್ಲಾ?" ಎಂದು ಬಸಮ್ಮನನ್ನು ಕೇಳಿದಳು. ಹುಚ್ಚಮ್ಮನನ್ನಲ್ಲ. ಬಸಮ್ಮ, "ಸಿನಿಮಾ ಮಾತಿಗೆ ಹಾಕಿ" ಎಂದರು.

ಅವತ್ತು ಮಧ್ಯಾಹ್ನದ ಊಟ ಅಲ್ಲೇ ಆಯಿತು. ಅಬ್ಬನಿಗೆಂದು ಮೋನಿಕಾ ಮೊಟ್ಟೆ ಬೇಯಿಸಿದಳು. ಹದಿಮೂರು ಸಿನಿಮಾಗಳ ಕೊನೆ ಬಂದವು. ಹುಚ್ಚಮ್ಮ ತಾವು ಕಟ್ಟಿದ್ದನ್ನು ಹೇಳುವುದು, ಅಬ್ಬ ಪರದೆಯ ಮೇಲೆ ಇದ್ದದ್ದನ್ನು ಹೇಳುವುದು, ಯಾವುದು ವಾಸಿ ಎಂದು ಬಸಮ್ಮ ತೀರ್ಪು ಕೊಡುವುದು. ಎಲ್ಲದರಲ್ಲೂ ಹುಚ್ಚಮ್ಮನೇ ಗೆದ್ದರು ಎಂದೇನಿಲ್ಲ. ಬಾವಿಯ ಪೆಟ್ಟಿಗೆಯಲ್ಲಿ ಹಾವಿತ್ತು ಎಂದು ಅವರು ಹೇಳಿದ್ದು ಬಸಮ್ಮನಿಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಹಿಡಿಸಲಿಲ್ಲ. ಅಬ್ಬ ಎದ್ದು ನಿಂತು, ಒಂದು ಮಿಷನ್ನಿನಿಂದ ಇನ್ನೊಂದಕ್ಕೆ ರೀಲು ಬದಲಾಯಿಸುವಾಗ ಪರದೆಯ ಮೂಲೆಯಲ್ಲಿ ಬರುವ ಸಣ್ಣ ಚುಕ್ಕೆಯನ್ನು ಹೇಗೆ ಕಾಯುತ್ತಿದ್ದೆ ಎಂದು ಕೈಮಾಡಿ ತೋರಿಸಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಮೂವತ್ತನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಮೊಬೈಲು ತೆಗೆದು ವಿಡಿಯೋ ಮಾಡಬೇಕು ಎಂದು ಅನ್ನಿಸಿತು, ಮಾಡಲಿಲ್ಲ. ನೋಡುತ್ತ ಕೂತೆ.

ಬಸಮ್ಮನ ಮಾತು ಉಮೇಶನ ಮೊಬೈಲಿನಲ್ಲಿ ರೆಕಾರ್ಡ್ ಆಗಿತ್ತು. ಅವನು ಜೇಬಿನ ಮೊಬೈಲನ್ನು ನಿಲ್ಲಿಸುವುದನ್ನೇ ಮರೆತಿದ್ದ. ವಾಪಸ್ ಬರುವಾಗ ಅದನ್ನು ಹೇಳಿದ. "ಇದನ್ನ ಹಾಕಿದ್ರೆ ಸಾವಿರಾರು ಜನ ಕೇಳ್ತಾರೆ" ಎಂದ. ಕುಸುಮಾ ಕೈ ಚಾಚಿದಳು. ಅವನು ಒಂದು ನಿಮಿಷ ಹಾಗೇ ಕೂತಿದ್ದು ಮೊಬೈಲು ಕೊಟ್ಟ. ಅವಳು ಅಳಿಸಿ ವಾಪಸ್ ಕೊಟ್ಟಳು. ಮಂಗಳವಾರದವರೆಗೆ ಅವನು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ನಾನು ಇದನ್ನು ಬರೆಯುವ ಮೊದಲು ಸಂಸೆಗೆ ಹೋಗಿ ಬಸಮ್ಮನನ್ನು ಕೇಳಿದ್ದೇನೆ. "ದನಿ ಬೇಡ, ಬರೆಯೋದಾದ್ರೆ ಬರೀರಿ. ಆದ್ರೆ ನಾನು ಅತ್ತುಬಿಟ್ಟೆ ಅಂತ ಮಾತ್ರ ಬರೀಬೇಡಿ, ಅಳಲಿಲ್ಲ" ಎಂದರು. ನಿಜ, ಅವರು ಅಳಲಿಲ್ಲ.

ಹದಿಮೂರು ಕೊನೆಗಳ ಆ ಸಂಚಿಕೆಯನ್ನು ಎಷ್ಟೋ ಜನ ಕೇಳಿದರು. ಅತ್ತಿಗುಂಡಿಯಿಂದ ಒಬ್ಬರು, ಚಿಕ್ಕಮಗಳೂರಿನ ಟಾಕೀಸಿನಿಂದ ನಮ್ಮ ಲಾರಿ ಐದೂಕಾಲಿಗೆ ಹೊರಡುತ್ತಿತ್ತು, ಹಾಗಾಗಿ ನಾವು ಕೊನೆ ನೋಡಿದ್ದೇವೆ ಎಂದು ಬರೆದಿದ್ದರು. ನಾವು ಮೂವರೂ ಈಗಲೂ ಚಿಕ್ಕಮಗಳೂರಿಗೆ ಹೋಗುತ್ತೇವೆ, ಹೊಸ ಸಿನಿಮಾ ನೋಡುತ್ತೇವೆ, ಜಗಳವಾಡುತ್ತೇವೆ. ಮಂಗಳವಾರ ಮಧ್ಯಾಹ್ನ ಅಬ್ಬ ಗ್ಯಾರೇಜಿನ ಮೆಟ್ಟಿಲು ಹತ್ತಿ ಬಂದು ಒಂದು ಟೈರಿನ ಮೇಲೆ ಕೂರುತ್ತಾರೆ. ಕೆಲವು ವಾರ ಒಂದೂ ಮಾತಾಡುವುದಿಲ್ಲ. ಕೆಲವು ವಾರ ನಿಲ್ಲಿಸುವುದಿಲ್ಲ.

ಹೋದ ವಾರ ಕುಸುಮಾ ಯಾವುದೋ ಹೊಸ ಪ್ರೇಮಕತೆಯ ಬಗ್ಗೆ ಮಾತಾಡುತ್ತ, ಹುಡುಗ ಹುಡುಗಿ ಮೊದಲ ಸಲ ಭೇಟಿಯಾಗುವ ಸೀನು ನಂಬುವ ಹಾಗಿಲ್ಲ ಎಂದಳು. ಅಬ್ಬ ಟೈರಿನ ಮೇಲಿಂದಲೇ, "ಯಾಕಾಗಲ್ಲ? ಫಾರಿಸ್ ಅಮ್ಮನ್ನ ನಾನು ನೋಡಿದ್ದೂ ಟಿಕೆಟ್ ಕೊಡೋ ಕಿಟಕಿ ಹತ್ರ, ಜಗಳ ಆಡ್ತಾ ನಿಂತಿದ್ಲು" ಎಂದರು. ನಾವು ಮೂವರೂ ಮೈಕನ್ನು ಮರೆತು ಅವರನ್ನೇ ನೋಡಿದೆವು. ಮುಂದೇನಾಯಿತು ಎಂದು ಕೇಳಿದರೆ, "ಅವಳನ್ನೇ ಕೇಳು" ಎಂದು ಎದ್ದು ಕೆಳಗೆ ಹೋಗಿಬಿಟ್ಟರು.

ಸಂಜೆ ಮನೆಗೆ ಹೋದಾಗ ಅಮ್ಮ ಹಿತ್ತಿಲಲ್ಲಿ ಮೀನು ಸರಿಮಾಡುತ್ತಿದ್ದರು. ಕೇಳಿದೆ.

"ಅವರು ಹೇಳಿದ್ರಾ?" ಎಂದರು ಅಮ್ಮ. ನಗು ಬಂದದ್ದನ್ನು ಮರೆಮಾಚಲು ಮುಖ ಆ ಕಡೆ ತಿರುಗಿಸಿದರು. "ನಿಮ್ಮಜ್ಜನಿಗೆ ಹೇಳದೆ ಟಾಕೀಸಿಗೆ ಹೋಗಿದ್ದು ಅದೊಂದೇ ಸಲ. ಚಿಲ್ಲರೆ ಇಲ್ಲ ಅಂತ ಕಿಟಕೀಲಿದ್ದವನು ಟಿಕೆಟ್ ಕೊಡ್ಲಿಲ್ಲ. ಜಗಳ ಆಡದೆ ಏನ್ ಮಾಡ್ಲಿ?" ಮೀನನ್ನು ತಟ್ಟೆಗೆ ಹಾಕಿ ಮುಚ್ಚಿ, ಕೈ ತೊಳೆದುಕೊಂಡು ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು.